ಗೇನ್ ಇಳಿಸಿದ ಮೇಲೇ ನಮ್ಮ ಗಿಟಾರ್ ಕೇಳಿಸಿದ್ದು

ಗೇನ್, ಅಂದರೆ ಗಿಟಾರ್ ಸದ್ದನ್ನು ಒಡೆದು ಗೊರಗುಟ್ಟಿಸುವ ನಾಬ್, ಒಂಬತ್ತರ ಕೆಳಗೆ ಬಂದರೆ ಅದು ರಾಕ್ ಅಲ್ಲ. ನಮ್ಮ ಬ್ಯಾಂಡ್‌ನಲ್ಲಿ ಇದು ವೇದವಾಕ್ಯವಾಗಿತ್ತು. ಈಗ ನನ್ನ ಆ್ಯಂಪ್‌ನಲ್ಲಿ (ಗಿಟಾರ್ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಗೇನ್ ನಾಲ್ಕರ ಆಸುಪಾಸು ನಿಂತಿದೆ. ಹೋದ ಗಣೇಶ ಹಬ್ಬಕ್ಕೆ ಬೆಳಗಾವಿಯ ಟಿಳಕವಾಡಿಯಲ್ಲಿ ಅಮೆರಿಕದ ರಾಕ್ ಬ್ಯಾಂಡ್‌ಗಳಾದ ನಿರ್ವಾಣ, ಸ್ಮ್ಯಾಶಿಂಗ್ ಪಂಪ್‌ಕಿನ್ಸ್ ಹಾಡುಗಳ ಕವರ್‌ಗಳನ್ನು ನುಡಿಸಿದೆವು. "ನಿನ್ನ ಡಬ್ಬಿ ಆ್ಯಂಪ್‌ನಿಂದ ಆಗೋ ಕೆಲಸ ಅಲ್ಲ" ಎಂದು ವರ್ಷವಿಡೀ ಹೇಳಿದ್ದ ಡ್ರಮ್ಮರ್, ಕಾರ್ಯಕ್ರಮ ಮುಗಿದ ಮೇಲೆ ನನ್ನ ನಾಬ್‌ಗಳ ಫೋಟೊ ತೆಗೆದುಕೊಂಡು ಹೋದ.

ಆ್ಯಂಪ್ ಗೋವಾದಿಂದ ತಂದದ್ದು. 40 ವಾಟ್, ಸಾಲಿಡ್ ಸ್ಟೇಟ್ (ವಾಲ್ವ್ ಅಲ್ಲ, ಟ್ರಾನ್ಸಿಸ್ಟರ್), 10 ಇಂಚಿನ ಸ್ಪೀಕರ್. ಸೆಕೆಂಡ್ ಹ್ಯಾಂಡ್, ಸುಮಾರು 9 ಸಾವಿರ. ಅದಕ್ಕಿಂತ ಜಾಸ್ತಿ ದುಡ್ಡು ಕಾಲಲ್ಲಿ ತುಳಿದು ಸದ್ದು ಬದಲಿಸುವ ಪೆಡಲ್‌ಗಳಿಗೆ ಸುರಿದಿದ್ದೇನೆ, ಎಲ್ಲ ಸೇರಿ 20 ಸಾವಿರದ ಮೇಲೇ ಆಗಿರಬೇಕು. ಮೊದಲು ಒಂದು ಮೆಟಲ್ ಡಿಸ್ಟಾರ್ಷನ್ ಬಂತು. ಮನೆಯಲ್ಲಿ ಅದ್ಭುತ, ಬ್ಯಾಂಡ್ ಜೊತೆ ಜೇನುಗೂಡಿಗೆ ಕಲ್ಲು ಹೊಡೆದಂಥ ಸದ್ದು. ಅರ್ಧ ಬೆಲೆಗೆ ಮಾರಿದೆ. ಆಮೇಲೆ ಬಿಗ್ ಮಫ್ ಎಂಬ ಹೆಸರಾಂತ ಫಝ್ ಪೆಡಲ್‌ನ ನಕಲು. ಪಂಪ್‌ಕಿನ್ಸ್‌ನ 1993ರ 'ಸಯಾಮೀಸ್ ಡ್ರೀಮ್' ಆಲ್ಬಮ್ಮಿನ ಆ ದಪ್ಪ ಗೋಡೆಯಂಥ ಸದ್ದು ಬಿಗ್ ಮಫ್‌ದೇ ಅಲ್ವಾ? ಆದರೆ ಅಲ್ಲಿ ಗಿಟಾರ್ ಮೇಲೆ ಗಿಟಾರ್ ರೆಕಾರ್ಡ್ ಮಾಡಿ ಪೇರಿಸಿದ್ದಾರೆ. ನಮ್ಮಲ್ಲಿ ಇರೋದು ನಾನೊಬ್ಬ. ಮಫ್‌ನ ಟೋನ್ ನಾಬ್ ನಡುವೆ ಇಟ್ಟರೆ 1 ಕಿಲೋಹರ್ಟ್ಜ್ ಸುತ್ತಮುತ್ತ, ಅಂದರೆ ಸದ್ದಿನ ನಡುಭಾಗದಲ್ಲಿ (ಮಿಡ್), ದೊಡ್ಡ ತಗ್ಗು ಬೀಳುತ್ತದೆ. ಉಳಿದ ಸದ್ದಿನಲ್ಲಿ ಮೇಲಿನ ಭಾಗವನ್ನು ಡ್ರಮ್ಸ್‌ನ ಸಿಂಬಲ್ ತಿಂದಿತು, ಕೆಳಗಿನ ಭಾಗವನ್ನು ಬಾಸ್ ಗಿಟಾರ್ ತಿಂದಿತು, ನಾನು ಸುಮ್ನೆ ಕೈ ಆಡಿಸುತ್ತಿದ್ದೆ.

ಅದಕ್ಕೆ ಮದ್ದು ಒಂದು ಏಳು ಬ್ಯಾಂಡ್‌ನ ಇಕ್ಯೂ ಪೆಡಲ್, ಅಂದರೆ ಸದ್ದಿನ ಏಳು ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವಂಥದ್ದು. ಮಫ್ ಆದ ಮೇಲೆ ಹಾಕಿದೆ. 800 ಹರ್ಟ್ಜ್ ಸ್ಲೈಡರ್ ನಾಲ್ಕೈದು ಡಿಬಿ ಮೇಲೆ, 100 ಹರ್ಟ್ಜ್ ಅಷ್ಟೇ ಕೆಳಗೆ. ಒಬ್ಬನೇ ಕೂತು ಕೇಳಿದರೆ ಮೂಗಿನಲ್ಲಿ ಹಾಡಿದ ಹಾಗೆ ಇರುತ್ತದೆ, ಅಸಹ್ಯ. ಡ್ರಮ್ಸ್ ಶುರುವಾದ ಕೂಡಲೇ ಜಾಗಕ್ಕೆ ಕೂರುತ್ತದೆ. ಮನೆಯಲ್ಲಿ ಸಣ್ಣ ದನಿಯಲ್ಲಿ ಟೋನ್ ಹೊಂದಿಸಬೇಡಿ ಎನ್ನುವುದು ಇದಕ್ಕೇ. ವಾಲ್ಯೂಮ್ ಕಡಿಮೆ ಇದ್ದಾಗ ಕಿವಿಗೆ ಬಾಸ್ (ಕೆಳಗಿನ ದಪ್ಪ ಸದ್ದು), ಟ್ರೆಬಲ್ (ಮೇಲಿನ ಚೂಪು ಸದ್ದು) ಎರಡೂ ಕಮ್ಮಿ ಕೇಳುತ್ತವೆ. ನಾವು ಅವೆರಡನ್ನೂ ಏರಿಸುತ್ತೇವೆ. ಸ್ಟೇಜ್ ಮೇಲೆ ಅದೇ ರಾಡಿಯಾಗುತ್ತದೆ.

ಗೇನ್ ವಿಷಯ ಹೊಳೆದದ್ದು ಕೋರಸ್‌ಗಳಿಂದ. ಈ ಹಾಡುಗಳೆಲ್ಲ ಮೆತ್ತಗೆ ಶುರುವಾಗಿ ಕೋರಸ್‌ನಲ್ಲಿ ಸಿಡಿಯುವಂಥವು. ನಮ್ಮದು ಉಲ್ಟಾ. ಪೆಡಲ್ ತುಳಿದರೆ ಕೋರಸ್ ಇನ್ನೂ ಚಿಕ್ಕದಾಗುತ್ತಿತ್ತು. ಗೇನ್ ಜಾಸ್ತಿಯಾದಷ್ಟೂ ಸದ್ದು ಒತ್ತಿಕೊಂಡು ಚಪ್ಪಟೆಯಾಗುತ್ತದೆ, ಪಿಕ್‌ನ ಏಟು ಕೇಳಿಸುವುದಿಲ್ಲ. ಗೇನ್ ನಾಲ್ಕು, ಬಾಸ್ ಮೂರು, ಮಿಡ್ ಏಳು, ಟ್ರೆಬಲ್ ಐದು, ಇದು ನನ್ನ ಆ್ಯಂಪ್ ಲೆಕ್ಕ. ಮೆತ್ತಗಿನ ಚರಣಗಳಿಗೆ ಗಿಟಾರ್ ವಾಲ್ಯೂಮನ್ನು ಆರಕ್ಕೆ ಇಳಿಸುತ್ತೇನೆ, ಸದ್ದು ಒಡೆಯದೆ ಬಹುತೇಕ ಕ್ಲೀನ್ ಆಗುತ್ತದೆ. ಕೋರಸ್‌ಗೆ ಪೂರ್ತಿ ತೆರೆದು ಇಕ್ಯೂ ತುಳಿಯುತ್ತೇನೆ. ಅದರ ಲೆವೆಲ್ ಮೂರು ಡಿಬಿ ಮೇಲಿದೆ. ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಸಾಯದಂತೆ ಗಿಟಾರ್‌ನ ವಾಲ್ಯೂಮ್ ನಾಬ್‌ನ ಒಳಗಿನ ಪಾಟ್ ಮೇಲೆ ಒಂದು ಕೆಪಾಸಿಟರ್ ಕೂರಿಸಿದ್ದೇನೆ. ಎಷ್ಟರದ್ದು ಅಂತ ಕೇಳಬೇಡಿ, ಅದಕ್ಕೆ ನಾಲ್ಕು ಭಾನುವಾರ ಕೊಟ್ಟಿದ್ದೇನೆ.

ಇನ್ನು ಗುಂಯ್ ಸದ್ದಿನ ಕಥೆ. ನಮ್ಮ ಪ್ರಾಕ್ಟೀಸ್ ರೂಮು ಉದ್ಯಮಬಾಗದ ಒಂದು ಶೆಡ್ಡು. ಪಕ್ಕದಲ್ಲಿ ಲೇಥ್ ಶುರುವಾದರೆ ಆ್ಯಂಪ್ ಕೂಡ ಗುರ್ ಎನ್ನುತ್ತಿತ್ತು. ಒಬ್ಬ ರಿಪೇರಿಯವರು ಸರ್ಕೀಟೇ ಹೋಗಿದೆ ಎಂದು 1,500 ತೆಗೆದುಕೊಂಡು, ಗುಂಯ್ ಸಮೇತ ವಾಪಸ್ ಕೊಟ್ಟರು. ಗಿಟಾರ್ ತೆರೆದು ನೋಡಿದರೆ ಔಟ್‌ಪುಟ್ ಜ್ಯಾಕ್‌ನ ಅರ್ಥ್ ತಂತಿ ಎರಡು ಎಳೆಯ ಮೇಲೆ ನೇತಾಡುತ್ತಿತ್ತು. ಒಂದು ಚಿಟಿಕೆ ಬೆಸುಗೆ, ಮುಗೀತು. ಉಳಿದ ಕಿರುಚಾಟ ಎಲ್ಲ ಪೆಡಲ್‌ಗೂ ಒಂದೇ ಅಡಾಪ್ಟರ್‌ನಿಂದ ಸರಪಳಿ ಹಾಕಿದ್ದರಿಂದ. ಡಿಜಿಟಲ್ ಡಿಲೇ (ಪ್ರತಿಧ್ವನಿಯ ಪೆಡಲ್) ತನ್ನ ಗಲಾಟೆಯನ್ನು ಮಫ್‌ಗೂ ಹಂಚುತ್ತಿತ್ತು. ಪ್ರತಿ ಪೆಡಲ್‌ಗೂ ಬೇರೆಯಾಗಿ ಕರೆಂಟ್ ಕೊಡುವ ಐಸೊಲೇಟೆಡ್ ಸಪ್ಲೈಗೆ 4 ಸಾವಿರ ಚಿಲ್ಲರೆ ಹೋಯಿತು. ಹೊಟ್ಟೆ ಉರಿಯಿತು, ಆದರೆ ಪೂರ್ತಿ ಉಪಯೋಗಕ್ಕೆ ಬಂದ ಖರ್ಚು ಇದೊಂದೇ.

ನಡುವೆ ಒಂದು ಹುಚ್ಚು ಪ್ರಯೋಗ. ಶಹಾಪುರದ ಬಡಗಿಯೊಬ್ಬರ ಹತ್ತಿರ ಪ್ಲೈವುಡ್ ಪೆಟ್ಟಿಗೆ ಮಾಡಿಸಿ 12 ಇಂಚಿನ ಸ್ಪೀಕರ್ ಹಾಕಿದೆ. ಹಿಂದೆ ಪೂರ್ತಿ ಮುಚ್ಚಿದ್ದರಿಂದ ಬಾಸ್ ಎದೆಗೆ ಗುದ್ದುತ್ತಿತ್ತು, ಗಿಟಾರ್ ಮಾತ್ರ ಕಾಣೆ. ಹಿಂದಿನ ಹಲಗೆ ಅರ್ಧ ಕೊಯ್ದ ಮೇಲೆ ಪರವಾಗಿಲ್ಲ ಎನಿಸಿತು. ಆದರೆ ಸ್ಕೂಟರ್ ಮೇಲೆ ಹೊರುವುದು ಯಾರು? ಈಗ ಅದು ಕೀಬೋರ್ಡ್‌ನವನ ಸ್ಟೂಲು. ಹಳೇ ಆ್ಯಂಪನ್ನೇ ಕುರ್ಚಿ ಮೇಲಿಟ್ಟು ಕಿವಿಯ ಕಡೆ ವಾಲಿಸಿದೆ. ನೆಲದ ಬುಡುಬುಡು ಹೋಯಿತು. ಮೊಣಕಾಲಿಗೆ ಹೋಗುತ್ತಿದ್ದ ಟ್ರೆಬಲ್ ಕಿವಿಗೆ ಬಂತು. ಖರ್ಚು ಸೊನ್ನೆ.

ಡ್ರಾಪ್ ಡಿ ಹಾಡುಗಳಿಗೆ (ಆರನೇ ತಂತಿಯ ಶ್ರುತಿಯನ್ನು ಇ ಇಂದ ಡಿಗೆ ಇಳಿಸುವಂಥವು) 10-46 ಸೆಟ್ಟಿನ ಆರನೇ ತಂತಿ ಜೋತು ಬೀಳುತ್ತದೆ, ದಪ್ಪ ತಂತಿಯ 10-52 ಸೆಟ್ಟು ಹಾಕಿ. ಬೆಳಗಾವಿ ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುವುದು ನಿಮಗೆ ಗೊತ್ತೇ ಇದೆ, ನುಡಿಸಿದ ಮೇಲೆ ಒರೆಸಿಡಿ.

ಗಣೇಶ ಮಂಡಳದ ಸೌಂಡ್‌ನವರ ಬಗ್ಗೆ ಒಂದು ಮಾತು. ಮೈಕನ್ನು ಸ್ಪೀಕರ್‌ನ ನಟ್ಟನಡುವೆ ಇಡಲು ಬಿಡಬೇಡಿ, ಕೋನ್‌ನ ಅಂಚಿನ ಕಡೆ ಸರಿಸಿ. ಗಿಟಾರ್ ಚಾನೆಲ್‌ನಲ್ಲಿ 100 ಹರ್ಟ್ಜ್ ಕೆಳಗಿನದನ್ನು ಕಟ್ ಮಾಡಿಸಿ. ಡಿಜೆಗೆ ಕಟ್ಟಿದ ಬಾಸ್ ಪೆಟ್ಟಿಗೆಗಳು ಖಾಲಿ ಕೂರುತ್ತವೆ ಎಂದು ಅವರು ಮುಖ ಗಂಟು ಹಾಕುತ್ತಾರೆ. ಸೌಂಡ್ ಚೆಕ್‌ಗೆ ಮುಂಚೆಯೇ ಚಹಾ ಕುಡಿಸಿರಿ.