ಮೇಲುಕೋಟೆಗೆ ಹೋದರೆ ರಾತ್ರಿ ಉಳಿಯಿರಿ

ಮೈಸೂರಿನಿಂದ ಮೇಲುಕೋಟೆಗೆ 50 ಕಿಲೋಮೀಟರ್ ಆಸುಪಾಸು. ಹತ್ತಿರವೇ ಅಲ್ವಾ ಅಂತ ಎಲ್ಲರೂ ಬೆಳಿಗ್ಗೆ ಹೋಗಿ, ಬೆಟ್ಟ ಹತ್ತಿ, ಪುಳಿಯೋಗರೆ ತಿಂದು ಸಂಜೆಗೆ ವಾಪಸ್ಸಾಗುತ್ತಾರೆ. ನೆಂಟರು ಬಂದಾಗ ನಾನು ಶನಿವಾರ ಮಧ್ಯಾಹ್ನ ಊಟ ಮುಗಿಸಿ ಹೊರಡುತ್ತೇನೆ. ರಾತ್ರಿ ಅಲ್ಲೇ. ದರ್ಶನ ಅರ್ಧ ಗಂಟೆಯ ಕೆಲಸ, ಊರು ನೋಡೋದಕ್ಕೆ ಹೊತ್ತು ಬೇಕು.

ಮೊದಲು ರಾಯಗೋಪುರ. ಹೆಸರಿಗೆ ಗೋಪುರ, ಕಟ್ಟಿ ಮುಗಿಸಲೇ ಇಲ್ಲ. ನಾಲ್ಕು ಎತ್ತರದ ಕಂಬ ಸುಮ್ನೆ ನಿಂತಿವೆ. ಫೋಟೊ ತೆಗೆಯುವವರು ಕಂಬದ ತುದಿ ಹಿಡಿಯಲು ಹಿಂದೆ ಹಿಂದೆ ಸರಿಯುತ್ತಾರೆ. ನಾನು ನೆಂಟರನ್ನು ಹತ್ತಿರ ಕರೆದು ಬುಡದ ಕೆತ್ತನೆ ತೋರಿಸುತ್ತೇನೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಅಲ್ಲಿಂದ ಅಕ್ಕತಂಗಿ ಕೊಳ. ಅಕ್ಕಪಕ್ಕದ ಎರಡು ಕೊಳ, ಒಂದರ ನೀರು ಒಳ್ಳೆಯದು, ಇನ್ನೊಂದರದ್ದು ಅಲ್ಲ ಅಂತ ಊರಿನವರ ಕತೆ.

ಮಠ, ಛತ್ರಗಳಲ್ಲಿ ರೂಮು ಸಿಗುತ್ತದೆ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ವೈರಮುಡಿ ಸಮಯದಲ್ಲಿ ಮಾತ್ರ ಈ ಲೆಕ್ಕ ನಡೆಯದು. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಕಿರೀಟ ಬರುವ ದಿನ ಊರಲ್ಲಿ ಕಾಲಿಡಲು ಜಾಗ ಇರಲ್ಲ. ಉತ್ಸವಕ್ಕೆ ಹೋಗಿ, ಊರು ನೋಡಲು ಬೇಡ.

ಭಾನುವಾರ ಬಿಸಿಲೇರುವ ಮುಂಚೆ ಯೋಗನರಸಿಂಹನ ಬೆಟ್ಟ ಹತ್ತಬೇಕು. ಮೇಲಿಂದ ಕೆಳಗಿನ ಕಲ್ಯಾಣಿ ಪೂರ್ತಿ ಕಾಣುತ್ತದೆ. ಇಳಿದು ಬಂದು ಚೆಲುವನಾರಾಯಣನ ದರ್ಶನ, ಆಮೇಲೆ ಬೀದಿ ಸುತ್ತಾಟ. ರಾಮಾನುಜಾಚಾರ್ಯರು ವರ್ಷಗಟ್ಟಲೆ ಇದ್ದ ಊರು ಇದು. ಈಗಲೂ ಕೆಲವು ಮನೆಗಳಿಗೆ ಹೆಂಚು, ಜಗಲಿ ಉಳಿದಿವೆ. ಕವಿ ಪು.ತಿ.ನ. 1905ರಲ್ಲಿ ಹುಟ್ಟಿದ್ದು ಇಲ್ಲೇ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಗುಡಿಗೆ ಬಂದವರಲ್ಲಿ ಅತ್ತ ಹೋಗುವವರು ಕಡಿಮೆ, ನನಗೆ ಅದೇ ಬೇಜಾರು. ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ತಾಳೆಗರಿ ಹಸ್ತಪ್ರತಿಗಳಿವೆ. ಅದಕ್ಕೆ ಕೆಲಸದ ದಿನವೇ ಹೋಗಬೇಕು. ಕೈಮಗ್ಗದ ಪಂಚೆಗೂ ಈ ಊರು ಹೆಸರುವಾಸಿ, ಮನೆಗೊಂದು ಜೊತೆ ಕೊಂಡರೆ ನಷ್ಟವಿಲ್ಲ.

ಪುಳಿಯೋಗರೆ ಬಗ್ಗೆ ಒಂದು ಮಾತು. ಎಳ್ಳು, ಮೆಣಸು ಹಾಕಿದ ಗೊಜ್ಜು ಅನ್ನಕ್ಕೆ ಹಿಡಿಯಲು ಹೊತ್ತು ಬೇಕು. ಕಲಸಿ ಒಂದೆರಡು ಗಂಟೆ ಆದದ್ದೇ ಚೆನ್ನ. ನಾನು ಕಟ್ಟಿಸಿಕೊಂಡು ತೊಣ್ಣೂರು ಕೆರೆ ಏರಿಯ ಮೇಲೆ ಕೂತು ತಿನ್ನುತ್ತೇನೆ. ಪಾಂಡವಪುರದ ಹತ್ತಿರ, ವಾಪಸ್ ಬರುವ ಕಡೆಯೇ ಇದೆ. ನೀರು ತಿಳಿಯಾಗಿದೆ ಅಂತ ಮಕ್ಕಳನ್ನು ಇಳಿಸಬೇಡಿ, ಆಳ ಜಾಸ್ತಿ.