ಬೇಕಲ ಕೋಟೆಯ ಜೋಡಿಚಿತ್ರಗಳು ಕೊನೆಗೂ ಕೂಡಿಕೊಂಡ ಬಗೆ

ಕಾಸರಗೋಡಿನ ದಕ್ಷಿಣಕ್ಕಿರುವ ಬೇಕಲ ಕೋಟೆಯ ಕೆಂಪುಕಲ್ಲಿನ ಬುರುಜನ್ನು ಆಳ ಕಾಣುವಂತೆ ಸೆರೆಹಿಡಿಯಬೇಕೆಂಬ ಆಸೆಯಿಂದ ನಾನು ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ, ಮೊದಲು ಎಡಗಾಲಿನ ಮೇಲೆ, ಬಳಿಕ ಬಲಗಾಲಿನ ಮೇಲೆ ಭಾರ ಹಾಕಿ ಎರಡೆರಡು ಚಿತ್ರಗಳನ್ನು ತೆಗೆಯುತ್ತಿದ್ದೆ. ಅವುಗಳನ್ನು ಸ್ಟೀರಿಯೋಸ್ಕೋಪಿನಲ್ಲಿ, ಅಂದರೆ ಎಡ ಚಿತ್ರವನ್ನು ಎಡಗಣ್ಣಿಗೂ ಬಲ ಚಿತ್ರವನ್ನು ಬಲಗಣ್ಣಿಗೂ ತೋರಿಸಿ ಆಳ ಕಾಣಿಸುವ ಸಾಧನದಲ್ಲಿ, ನೋಡಿದರೆ ಕಣ್ಣು ನೋಯುತ್ತಿತ್ತು, ತೆಂಗಿನ ಗರಿಗಳೂ ಅಲೆಗಳೂ ಒಂದಾಗದೆ ಮಿನುಗುತ್ತಿದ್ದವು.

ಹುಡುಕಿದಾಗ ಎರಡು ಬೇರೆ ದೋಷಗಳು ಸಿಕ್ಕವು. ಗರಿ ಮತ್ತು ಅಲೆಗಳ ತೊಂದರೆಗೆ ಕಾರಣ ಎರಡು ಚಿತ್ರಗಳ ನಡುವೆ ಕಳೆದ ಸಮಯ. ಒಂದೇ ಮಾದರಿಯ ಎರಡು ಡಿಜಿಟಲ್ ಕ್ಯಾಮೆರಾಗಳನ್ನು ಒಂದು ಪಟ್ಟಿಯ ಮೇಲೆ ಬಿಗಿದು, ಫೋಕಸ್, ಎಕ್ಸ್‌ಪೋಶರ್‌ಗಳನ್ನು ಕೈಯಾರೆ ಸಮಗೊಳಿಸಿ, ಒಂದೇ ತಂತಿಯ ಗುಂಡಿಯಿಂದ ಎರಡನ್ನೂ ಒಟ್ಟಿಗೆ ಒತ್ತಿದಾಗ ಅದು ನಿಂತಿತು. ಆದರೆ ಮಸೂರಗಳ ಅಂತರ 13 ಸೆಂಟಿಮೀಟರಿಗೆ, ಅಂದರೆ ಮನುಷ್ಯರ ಕಣ್ಣುಗಳ ಸರಾಸರಿ ಅಂತರದ ಸುಮಾರು ಎರಡರಷ್ಟಕ್ಕೆ ಏರಿತು. ಮಸೂರಗಳ ಅಂತರದ ಮೂವತ್ತರಷ್ಟು ದೂರಕ್ಕಿಂತ ಹತ್ತಿರ ಯಾವ ವಸ್ತುವೂ ಇರಬಾರದೆಂಬ ರೂಢಿಯ ಲೆಕ್ಕದಂತೆ, ಚೌಕಟ್ಟಿನೊಳಗಿನ ಪೊದೆಯೂ ಕನಿಷ್ಠ ನಾಲ್ಕು ಮೀಟರ್ ದೂರವಿರುವಂತೆ ನಿಂತೆ.

ಕಣ್ಣುನೋವಿನ ಮೂಲ ಮಾತ್ರ ಬೇರೆಯೇ ಆಗಿತ್ತು: ಕಾಲು ಬದಲಿಸುವಾಗ ಕ್ಯಾಮೆರಾ ತುಸು ವಾಲುತ್ತಿತ್ತು, ಸ್ಕ್ಯಾನರಿನಲ್ಲಿ ನೆಗೆಟಿವ್ ಕೂಡ ಓರೆಯಾಗುತ್ತಿತ್ತು. ಎರಡು ಚಿತ್ರಗಳ ನಡುವಿನ ಅಡ್ಡದ ವ್ಯತ್ಯಾಸವೇ ಆಳವನ್ನು ಕೊಡುವುದು. ಲಂಬದ ವ್ಯತ್ಯಾಸವನ್ನು ಕಣ್ಣು ಸಹಿಸುವುದಿಲ್ಲ. ಈಗ ಟ್ರೈಪಾಡಿನ ಮೇಲಿನ ಜಾರುಪಟ್ಟಿಯಲ್ಲಿ ಕ್ಯಾಮೆರಾವನ್ನು 65 ಮಿಲಿಮೀಟರ್ ಸರಿಸಿ ಬುರುಜಿನಂಥ ಅಲುಗದ ವಸ್ತುಗಳನ್ನಷ್ಟೇ ಫಿಲ್ಮಿನಲ್ಲಿ ತೆಗೆಯುತ್ತೇನೆ. ಸ್ಕ್ಯಾನ್ ಮಾಡಿದ ಜೋಡಿಯನ್ನು ಸ್ಟೀರಿಯೋಫೋಟೋ ಮೇಕರ್ ತಂತ್ರಾಂಶದಲ್ಲಿ ತಿರುಗಿಸಿ, ಒಂದೇ ಕಲ್ಲಿನ ಮೂಲೆ ಎರಡೂ ಚಿತ್ರಗಳಲ್ಲಿ ಒಂದೇ ಎತ್ತರಕ್ಕೆ ಬರುವಂತೆ ಹೊಂದಿಸುತ್ತೇನೆ. ಹೀಗೆ ಹೊಂದಿಸಿದ ಮೊದಲ ಜೋಡಿಯಲ್ಲೇ ಬುರುಜಿನ ಕಿಂಡಿಗಳ ಒಳಗೋಡೆಯ ದಪ್ಪ ಸ್ಪಷ್ಟವಾಗಿ ಕಂಡಿತು.