ಶರಾವತಿ ಅಳಿವೆಯ ದೋಣಿಗೆ ಎರಡನೆಯ ಎಂಜಿನ್ ಕೂರಿಸಿದ ಬಗೆ

ಗೆಳೆಯನೊಂದಿಗೆ ಬಸವರಾಜದುರ್ಗ ದ್ವೀಪದ ಸುತ್ತ ಗಾಳ ಹಾಕಿ ಹೊನ್ನಾವರದ ಅಳಿವೆಯ ಕಡೆಗೆ ಮರಳುತ್ತಿದ್ದಾಗ ನನ್ನ 19 ಅಡಿಯ ಫೈಬರ್ ದೋಣಿಯ 25 ಎಚ್‌ಪಿ ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಇಳಿತದ ಹೊತ್ತು ಅದು. ಶರಾವತಿಯ ನೀರು ಕಡಲಿಗೆ ಜೋರಾಗಿ ನುಗ್ಗುತ್ತಿತ್ತು, ಕಡಲಿನ ಅಲೆ ಅದಕ್ಕೆ ಎದುರಾಗಿ ಮರಳ ದಿಬ್ಬದ ಮೇಲೆ ಒಡೆಯುತ್ತಿತ್ತು. ಲಂಗರು ಕಚ್ಚಿ ಹಿಡಿದದ್ದರಿಂದ ಉಳಿದೆವು. ಬಹಳ ಹೊತ್ತಿನ ಮೇಲೆ ಬಂದ ನಾಡದೋಣಿಯವರು ನಮ್ಮನ್ನು ಎಳೆದು ತಂದರು. ದಡದಲ್ಲಿ ಫಿಲ್ಟರ್ ಬಿಚ್ಚಿದಾಗ ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಮಿತಿಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಅರ್ಧ ತುಂಬಿದ ಟ್ಯಾಂಕನ್ನು ವಾರಗಟ್ಟಲೆ ಹಾಗೆಯೇ ಬಿಟ್ಟದ್ದು ನನ್ನದೇ ತಪ್ಪು.

ಆ ವಾರವೇ 6 ಎಚ್‌ಪಿಯ, ಸುಮಾರು 26 ಕೆಜಿ ತೂಗುವ ನಾಲ್ಕು ಸ್ಟ್ರೋಕಿನ ಸಣ್ಣ ಎಂಜಿನ್ ಕೊಂಡೆ. ಕಾಲು, ಅಂದರೆ ಫ್ಯಾನನ್ನು ನೀರಿಗೆ ಇಳಿಸುವ ಭಾಗ, 20 ಇಂಚು ಉದ್ದವಿರುವುದನ್ನೇ ಆರಿಸಿದೆ. 15 ಇಂಚಿನದು ಅಗ್ಗವಾಗಿ ಸಿಗುತ್ತಿತ್ತು, ಆದರೆ ಅಲೆಯಲ್ಲಿ ದೋಣಿಯ ಹಿಂಭಾಗ ಎದ್ದಾಗ ಅದರ ಫ್ಯಾನ್ ನೀರಿನಿಂದ ಹೊರಬಂದು ಗಾಳಿಯಲ್ಲಿ ತಿರುಗುವುದು ಖಂಡಿತ. ದೊಡ್ಡ ಎಂಜಿನ್ನಿನ ಹಿಡಿಕೆ ಹಿಡಿದು ನಾನು ಬಲಗಡೆ ಕೂರುವುದರಿಂದ, ತೂಕ ಸರಿದೂಗಲೆಂದು ಸಣ್ಣದಕ್ಕೆ ಹಿಂಬದಿ ಹಲಗೆಯ ಎಡಗಡೆಯನ್ನು ಗೊತ್ತುಮಾಡಿದೆ. ಸ್ಪ್ರಿಂಗ್ ಇರುವ, ಮೇಲೆ ಕೆಳಗೆ ಮಾಡಬಹುದಾದ ಬ್ರ್ಯಾಕೆಟ್ ತಂದೆ. ದೊಡ್ಡ ಎಂಜಿನ್ನನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಎತ್ತಿ, ಎಲ್ಲಿಯೂ ಒಂದಕ್ಕೊಂದು ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡೆ.

ಬ್ರ್ಯಾಕೆಟ್ಟಿನ ಎತ್ತರವನ್ನು ದಡದ ಮೇಲೆ ಟೇಪ್ ಹಿಡಿದು ಅಳೆದು ರಂಧ್ರ ಕೊರೆಯಲು ಹೊರಟಿದ್ದೆ. ನಮ್ಮನ್ನು ಎಳೆದು ತಂದ ಹಿರಿಯರು ಅದನ್ನು ನೋಡಿ, "ದೋಣಿ ನೀರಿಗಿಳಿದ ಮೇಲೆ ಅಳೀರಿ ತಮ್ಮಾ, ಮರಳ ಮೇಲಿನ ಲೆಕ್ಕ ಮರಳ ಮೇಲೇ ಉಳೀತದೆ" ಎಂದರು. ಅವರ ಮಾತಿನಂತೆ ಗೋಣಿಚೀಲದಲ್ಲಿ 26 ಕೆಜಿ ಮರಳು ತುಂಬಿ, ಎಂಜಿನ್ ಬರಬೇಕಾದ ಜಾಗದಲ್ಲಿ ನೇತುಹಾಕಿ, ಅಳಿವೆಯ ದಕ್ಷಿಣ ದಡದ ಕಾಸರಕೋಡಿನ ಬದಿಯ ನಿಂತ ನೀರಿನಲ್ಲಿ ದೋಣಿ ಇಳಿಸಿದೆವು. ಇಬ್ಬರೂ ನಡುವೆ ಕೂತಾಗ ಒಂದು, ನಾನು ಹಿಂದೆ ಬಂದಾಗ ಒಂದು, ಗೆಳೆಯ ಲಂಗರು ಎತ್ತುವವನಂತೆ ಮೂತಿಗೆ ಹೋಗಿ ಬಗ್ಗಿದಾಗ ಒಂದು ಎಂದು ಹಲಗೆಯ ಮೇಲೆ ನೀರು ಮುಟ್ಟಿದಲ್ಲಿ ಮೇಣದ ಬಳಪದಿಂದ ಮೂರು ಗೆರೆ ಎಳೆದೆ. ಮೊದಲನೆಯ ಗೆರೆಗೂ ಕೊನೆಯದಕ್ಕೂ ನಾಲ್ಕು ಬೆರಳಿನ ಅಂತರವಿತ್ತು. ಅಪಾಯದಲ್ಲಿ ಒಬ್ಬನು ಮೂತಿಯಲ್ಲಿ ಇರುವುದೇ ಹೆಚ್ಚಾದ್ದರಿಂದ ಅತ್ಯಂತ ಕೆಳಗಿನ ಆ ಮೂರನೆಯ ಗೆರೆಯನ್ನೇ ಆಧಾರವಾಗಿಟ್ಟುಕೊಂಡೆ; ನೀರು ಅಲ್ಲಿಗೆ ಇಳಿದಾಗಲೂ ಫ್ಯಾನ್ ಮುಳುಗಿರಲೆಂದು, ಫ್ಯಾನಿನ ಮೇಲಿರುವ ಅಡ್ಡ ತಟ್ಟೆಯು ದೋಣಿಯ ತಳಕ್ಕಿಂತ ಎರಡು ಇಂಚು ಕೆಳಗೆ ಬರುವಂತೆ ಗುರುತು ಹಾಕಿದೆ. ದೋಣಿಯ ತಳ ನಡುವಿನಿಂದ ಬದಿಗೆ ಏರುತ್ತಾ ಹೋಗುವುದರಿಂದ, ಎಂಜಿನ್ ಕೂರುವ ಜಾಗದ ನೇರಕ್ಕೇ ಈ ಅಳತೆ ತೆಗೆಯಬೇಕು.

ಹಿಂಬದಿ ಹಲಗೆಗೆ ಕೊರೆದ ನಾಲ್ಕು ರಂಧ್ರಗಳಲ್ಲಿ ಮೂರರಿಂದ, ಫೈಬರಿನ ಒಳಗಿರುವ ಪ್ಲೈವುಡ್ಡಿನ ಒಣಗಿದ, ತಿಳಿ ಬಣ್ಣದ ಪುಡಿ ಉದುರಿತು. ನಾಲ್ಕನೆಯದರಿಂದ ಕಾಫಿ ಚರಟದಂತಹ ಕಪ್ಪು, ಒದ್ದೆ ಪುಡಿ ಬಿಟ್ಟಿಗೆ ಅಂಟಿಕೊಂಡು ಬಂದಾಗ ಎದೆ ಧಸಕ್ಕೆಂದಿತು. ಹಳೆಯ ಏಣಿಯ ಸ್ಕ್ರೂ ರಂಧ್ರದಿಂದ ನೀರು ಒಳಗೆ ಇಳಿದಿತ್ತು. ಕೊಳೆತ ಭಾಗವನ್ನು ಕೆರೆದು ತೆಗೆದು, ಐದು ದಿನ ಬಲ್ಬಿನ ಶಾಖದಲ್ಲಿ ಒಣಗಿಸಿ, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಿದೆ. ಉಳಿದ ರಂಧ್ರಗಳನ್ನೂ 16 ಮಿಮೀಗೆ ಅಗಲಿಸಿ ಎಪಾಕ್ಸಿ ತುಂಬಿ, ಅದರ ನಡುವೆ 10 ಮಿಮೀ ಬೋಲ್ಟಿಗಾಗಿ ಮತ್ತೆ ಕೊರೆದೆ; ಹೀಗೆ ಮಾಡಿದರೆ ಬೋಲ್ಟಿನ ಪಕ್ಕದಿಂದ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಒಳಬದಿಗೆ 18 ಮಿಮೀ ಮೆರೈನ್ ಪ್ಲೈವುಡ್ ತುಂಡು, ಅಗಲ ವಾಷರ್, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು, ಸುತ್ತಲೂ ಪಾಲಿಯುರಿಥೇನ್ ಸೀಲೆಂಟ್. ಸೀಲೆಂಟ್ ಪೂರ್ತಿ ಹಿಂಡಿ ಹೋಗದಂತೆ ಮೊದಲ ದಿನ ಹದವಾಗಿ ಬಿಗಿದು, ಮರುದಿನ ಅದು ಗಟ್ಟಿಯಾದ ಮೇಲೆ ಪೂರ್ತಿ ಬಿಗಿದೆ.

ಸಣ್ಣ ಎಂಜಿನ್ನಿಗೆ ಬೇರೆಯದೇ ಟ್ಯಾಂಕು, ಬೇರೆಯದೇ ಫಿಲ್ಟರು ಇಟ್ಟಿದ್ದೇನೆ. ಒಂದೇ ಟ್ಯಾಂಕಿನಿಂದ ಎರಡಕ್ಕೂ ಪೈಪ್ ಎಳೆದರೆ ಅಂದಿನಂತೆ ನೀರು ಸೇರಿದಾಗ ಎರಡೂ ನಿಲ್ಲುತ್ತವೆ. ಎಂಜಿನ್ನನ್ನು ಬ್ರ್ಯಾಕೆಟ್ಟಿಗೆ ಕಚ್ಚಿ ಹಿಡಿಯುವ ಕ್ಲಾಂಪಿನ ತಿರುಪುಗಳು ಅದುರಿ ಸಡಿಲಾಗುವುದುಂಟು. ಆದ್ದರಿಂದ ಎಂಜಿನ್ನಿನಿಂದ ದೋಣಿಯ ಬಳೆಗೆ ಒಂದು ಸರಪಳಿ ಬಿಗಿದಿದ್ದೇನೆ.

ರೈಲು ಸೇತುವೆಯ ಬಳಿ ನೀರು ನಿಂತ ಹೊತ್ತಿನಲ್ಲಿ ಪರೀಕ್ಷಿಸಿದಾಗ ಇಬ್ಬರನ್ನು ಹೊತ್ತು ಗಂಟೆಗೆ 9 ಕಿಲೋಮೀಟರ್ ಸಾಗಿತು, ಇಳಿತಕ್ಕೆ ಎದುರಾಗಿ 5. ಮೇಲೆ ಗೇರುಸೊಪ್ಪೆಯ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ದಿನ ಇಷ್ಟೂ ಸಿಗುವುದಿಲ್ಲ. ಗೆಳೆಯ ಮೂತಿಗೆ ಹೋಗಿ ಬಗ್ಗಿದಾಗಲೂ ಎಂಜಿನ್ನಿನ ಸದ್ದು ಬದಲಾಗಲಿಲ್ಲ, ಅಂದರೆ ಫ್ಯಾನ್ ನೀರಿನಲ್ಲೇ ಇತ್ತು. ಈಗ ಪ್ರತಿ ಸಲ ಹೊರಡುವ ಮುನ್ನ ಸಣ್ಣದನ್ನೇ ಮೊದಲು ಚಾಲೂ ಮಾಡಿ, ಎಂಜಿನ್ನನ್ನು ತಂಪಾಗಿಸುವ ನೀರಿನ ಧಾರೆ ಬೀಳುವುದನ್ನು ನೋಡಿ, ಅದರಲ್ಲೇ ದೋಣಿ ಕಟ್ಟುವ ಧಕ್ಕೆಯಿಂದ ಸೇತುವೆಯವರೆಗೆ ಹೋಗುತ್ತೇನೆ. ಮರಳಿದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ ಉಪ್ಪು ತೊಳೆಯುತ್ತೇನೆ.